ಎಲ್ಲದಕ್ಕೂ ‘ಇಲ್ಲ’ ಎಂದು ಬರೆದ ದಿನ

ಸಿಂಧು, ಮೇಘಾ, ಇದನ್ನು ನಿಮ್ಮಿಬ್ಬರಿಗೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಬರುವುದಿಲ್ಲ. ನಾಲ್ಕು ಜನ ಸೇರಿದ ಕಡೆ ಬಾಗಿಲ ಸಂದಿಯಲ್ಲೇ ನಿಲ್ಲುವವಳು ನಾನು. ಹೊಸನಗರದ ಕಡೆ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದು. ನಿಮ್ಮ ಅಜ್ಜ ಮೇಷ್ಟರಾಗಿದ್ದರು, ಮನೆಯ ಕಾಗದಪತ್ರವೆಲ್ಲ ಅವರದೇ. ಅವರು ಹೋದ ಮೇಲೆ ನಾನು ಸಾಗರಕ್ಕೆ, ನಿಮ್ಮ ಮನೆಗೆ ಬಂದೆ. ನಾನಾಗಿ ಒಂದು ಫಾರ್ಮ್ ತುಂಬಿದ್ದು ಬದುಕಿನಲ್ಲಿ ಅದೇ ಮೊದಲ ಸಲ, ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ.

ಅದರಲ್ಲಿ ಸುಳ್ಳು ಬರೆದೆ.

ಸಿಂಧು, ನೀನಾಗ ಎಂಟನೇ ತರಗತಿ. ಶಾಲೆಯಲ್ಲಿ ಖೊ-ಖೊ ಆಡುವಾಗ ಕಂಬ ಹಿಡಿದು ತಿರುಗಲು ಹೋಗಿ ಕೈ ಜಾರಿತು. ಹಣೆ ಕಂಬಕ್ಕೆ ಹೊಡೆಯಿತು. ಜ್ಞಾನ ತಪ್ಪಲಿಲ್ಲ. ಒಂದು ಗಳಿಗೆ ಕಣ್ಣಿಗೆ ಕತ್ತಲೆ ಬಂತು ಎಂದು ನೀನು ಹೇಳಿದೆ. ಪಿ.ಟಿ. ಮೇಷ್ಟ್ರು ನೀರು ಕುಡಿಸಿ ಆಟೋದಲ್ಲಿ ಕರೆತಂದರು. ಸಂಜೆ ಎರಡು ಸಲ ವಾಂತಿ ಆಯಿತು. ನಿನ್ನಮ್ಮ ಅಂಚೆ ಕಚೇರಿಯಿಂದ ಓಡಿ ಬಂದಳು. ಅಪ್ಪ ಬಸ್ಸಿನ ಡ್ಯೂಟಿಯನ್ನು ಮತ್ತೊಬ್ಬ ಡ್ರೈವರಿಗೆ ಕೊಟ್ಟು ಬಂದ. ಶಿವಮೊಗ್ಗಕ್ಕೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು.

“ಸ್ಕ್ಯಾನ್ ನಾರ್ಮಲ್. ಮೈಲ್ಡ್ ಹೆಡ್ ಇಂಜುರಿ, ಕನ್ಕಶನ್ ಅಂತೀವಿ. ಸ್ವಲ್ಪ ದಿನ ಓದು, ಮೊಬೈಲ್, ಆಟ ಎಲ್ಲಾ ಕಮ್ಮಿ ಮಾಡಿಸಿ. ಪೂರ್ತಿ ಸರಿಯಾಗೋವರೆಗೆ ಇನ್ನೊಂದು ಪೆಟ್ಟು ಬೀಳಬಾರದು,” ಎಂದರು ಡಾಕ್ಟರು.

ಅಷ್ಟು ಮಾತಿನಲ್ಲಿ ನಾವು ಕೇಳಿಸಿಕೊಂಡದ್ದು ಒಂದೇ, ನಾರ್ಮಲ್.

ಹಣೆಯ ಗಂಟು ಒಂದು ವಾರದಲ್ಲಿ ಇಳಿಯಿತು. ಆಮೇಲೆ ಶುರುವಾದದ್ದಕ್ಕೆ ಗಾಯ ಇರಲಿಲ್ಲ, ಹಾಗಾಗಿ ನಾವದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ಮಿಕ್ಸಿ ತಿರುಗಿದರೆ ನೀನು ಕಿವಿ ಮುಚ್ಚುತ್ತಿದ್ದೆ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದೆ. ಹಗಲು ನಿದ್ದೆ. ಒಂದು ಪುಟ ಓದಿ ತಲೆ ಹಿಡಿದುಕೊಳ್ಳುತ್ತಿದ್ದೆ. ಒಂದು ದಿನ ಸಾರಿಗೆ ಉಪ್ಪು ಜಾಸ್ತಿ ಎಂದು ತಟ್ಟೆ ಎಸೆದೆ. ಮೇಘಾ, ಅದು ನಿನ್ನ ಕಾಲಿನ ಹತ್ತಿರ ಬಿತ್ತು. ಅಂದಿನಿಂದ ನೀನು ಅಕ್ಕನ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟೆ.

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಬಾಯಿಪಾಠ ಹೇಳಿಸುವುದು ನನ್ನ ಕೆಲಸ. ಮಗ್ಗಿ, ನಕ್ಷತ್ರ, ಅರುವತ್ತು ಸಂವತ್ಸರ. ಸಿಂಧು ಅದನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಈಗ ಬಹುಧಾನ್ಯ ಸಂವತ್ಸರದ ಹತ್ತಿರ ಬಂದು ನಿಂತುಬಿಡುತ್ತಿದ್ದಳು.

“ಮೊದಲಿಂದ ಹೇಳು,” ಎನ್ನುತ್ತಿದ್ದೆ.

“ಅಮ್ಮಮ್ಮ, ತಲೆ ಸಿಡೀತಾ ಇದೆ.”

“ಹೇಳದೇ ಇದ್ರೆ ಮರ್ತೇ ಹೋಗ್ತದೆ. ಮೊದಲಿಂದ.”

ಮಸೆಯದೆ ಇಟ್ಟ ಕತ್ತಿ ತುಕ್ಕು ಹಿಡಿಯುತ್ತದೆ, ತಲೆಯೂ ಹಾಗೇ ಎಂದು ನಂಬಿದ್ದೆ. ಬೆಳಿಗ್ಗೆ ಒಂದೆಲಗದ ರಸ ಕುಡಿಸುತ್ತಿದ್ದೆ, ಸಂಜೆ ಮೊದಲು ಎರಡು ಸಲ ಹೇಳಿಸುತ್ತಿದ್ದದ್ದನ್ನು ಐದು ಸಲ ಮಾಡಿದೆ. ಡಾಕ್ಟರು ವಿಶ್ರಾಂತಿ ಕೊಡಿ ಎಂದ ತಲೆಯನ್ನು ನಾನು ದಿನಾ ಸಂಜೆ ದುಡಿಸಿದೆ. ಪ್ರೀತಿಯಿಂದಲೇ ದುಡಿಸಿದೆ. ಅದಕ್ಕೇ ಯಾರೂ ತಡೆಯಲಿಲ್ಲ.

ಶಾಲೆಯಿಂದ ಡೈರಿಯಲ್ಲಿ ಬರೆದು ಬಂತು: ಗಮನವಿಲ್ಲ, ನಾಟಕ ಮಾಡುತ್ತಾಳೆ. ನಿನ್ನಮ್ಮ ಮತ್ತೆ ಡಾಕ್ಟರಿಗೆ ಫೋನ್ ಮಾಡಿದಳು. ತೀರ್ಥಹಳ್ಳಿಯ ಒಂದು ಆಸ್ಪತ್ರೆಗೆ ತಿಂಗಳಿಗೊಮ್ಮೆ ಒಬ್ಬರು ಸೈಕಾಲಜಿಸ್ಟ್ ಬರುತ್ತಾರೆ, ಇಂಥ ಮಕ್ಕಳನ್ನೇ ನೋಡುತ್ತಾರೆ ಎಂದರಂತೆ. ಅವಳಿಗೆ ರಜೆ ಸಿಗಲಿಲ್ಲ. ನಾನು ಕರೆದುಕೊಂಡು ಹೋದೆ.

ಆ ಮೇಡಂ ಚಿಕ್ಕ ಪ್ರಾಯದವರು. ತಲೆಗೆ ಸಣ್ಣ ಪೆಟ್ಟು ಬಿದ್ದು ಸ್ಕ್ಯಾನಿನಲ್ಲಿ ಏನೂ ಕಾಣದ ಮಕ್ಕಳು ಆಮೇಲೆ ಹೇಗಿರುತ್ತಾರೆ, ಅವರ ನೆನಪು, ಸಿಟ್ಟು, ನಿದ್ದೆ ಎಲ್ಲ ಏನಾಗುತ್ತದೆ ಎಂದು ರಿಸರ್ಚ್ ಮಾಡುತ್ತಿದ್ದೇನೆ ಎಂದರು. ನನ್ನ ಕೈಗೆ ಒಂದು ಫಾರ್ಮ್ ಕೊಟ್ಟರು.

“ಅಮ್ಮ, ನಾನು ಟೆಸ್ಟ್ ಮಾಡಿದ್ರೆ ಒಂದು ಗಂಟೆ ನೋಡ್ತೀನಿ. ನೀವು ದಿನವಿಡೀ ನೋಡ್ತೀರಿ. ಪೆಟ್ಟಿಗೆ ಮುಂಚೆ ಹೇಗಿದ್ಲು, ಈಗ ಹೇಗಿದ್ದಾಳೆ, ಅದು ನಿಮಗೇ ಗೊತ್ತಿರೋದು.”

ಸಿಂಧುವನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ತಲೆನೋವು ಇದೆಯೇ, ಮರೆಯುತ್ತದೆಯೇ, ಬೇಗ ಸಿಟ್ಟು ಬರುತ್ತದೆಯೇ. ಒಂದೊಂದರ ಎದುರೂ ಇಲ್ಲ, ಸ್ವಲ್ಪ, ಬಹಳ ಎಂದು ಮೂರು ಚೌಕ. ಮೊದಲನೆಯದಕ್ಕೆ ‘ಬಹಳ’ದ ಮೇಲೆ ಪೆನ್ನು ಇಡುವಷ್ಟರಲ್ಲಿ ಪಕ್ಕದಲ್ಲಿ ಗೌರಕ್ಕ ಬಂದು ಕೂತಳು. ಹೊಸನಗರದ ನಮ್ಮ ನೆಂಟರ ಪೈಕಿ. ಮೂರು ತಾಲ್ಲೂಕಿನ ಹೆಣ್ಣುಮಕ್ಕಳ ಜಾತಕ ಅವಳ ಬಾಯಲ್ಲೇ ಇದೆ.

“ಎಂತಾ ಮಾರಾಯ್ತಿ, ನೀ ಇಲ್ಲಿ? ಮೊಮ್ಮಗಳ ಕರ್ಕೊಂಡು ಬಂದ್ಯಾ? ಇದು ತಲೆ ಡಾಕ್ಟ್ರ ರೂಮಲ್ಲನೇ?”

“ಕಣ್ಣು ತೋರ್ಸಕ್ಕೆ ಬಂದಿದ್ವಿ.”

“ಕಣ್ಣಿಂದು ಮಹಡಿ ಮೇಲೆ.” ಅವಳು ಫಾರ್ಮಿನ ಕಡೆ ಬಗ್ಗಿದಳು. “ನಾನು ಯಾರ ಹತ್ರನೂ ಹೇಳಲ್ಲ ಬಿಡು. ಆದ್ರೆ ಒಂದ್ಮಾತು. ತಲೆ ವಿಷಯ ಕಾಗದದಲ್ಲಿ ಬರಸ್ಬೇಡ. ನಾಳೆ ಕೇಳಿ ಬಂದವ್ರಿಗೆ ಎಂತ ಹೇಳ್ತೀಯ? ಹೆಣ್ಣು ಕೂಸು.”

ಹದಿಮೂರು ವರ್ಷದ ಮಗುವಿಗೆ ಯಾರು ಕೇಳಿ ಬರುತ್ತಾರೆ ಎಂದು ಹೇಳಬಹುದಿತ್ತು. ಅವಳು ನೋಡುತ್ತಿದ್ದಳು. ನಾನು ಇಲ್ಲ, ಇಲ್ಲ ಎಂದು ಕೊನೆಯವರೆಗೂ ಗುರುತು ಹಾಕಿದೆ.

ಮೇಡಂ ಫಾರ್ಮ್ ನೋಡಿ ಹುಬ್ಬು ಗಂಟಿಕ್ಕಿದರು. “ಟೆಸ್ಟಿನಲ್ಲಿ ತುಂಬಾ ನಿಧಾನ ಇದ್ದಾಳೆ. ನೀವು ಏನೂ ಬದಲಾಗಿಲ್ಲ ಅಂತ ಬರೆದಿದ್ದೀರಿ. ಹಾಗಾದ್ರೆ ಮೊದಲಿಂದಲೂ ಹೀಗೇನಾ?”

“ಹೌದು. ಮೊದಲಿಂದ್ಲೂ ಸ್ವಲ್ಪ ಸೋಮಾರಿ.”

ನೀನು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಸಿಂಧು.

ಹೊಸನಗರ ದಾಟಿ ಸಾಗರ ಬರುವವರೆಗೂ ನೀನು ಬಸ್ಸಿನ ಕಿಟಕಿಗೆ ತಲೆ ಆನಿಸಿ, ಬಸ್ಸು ಅಲುಗಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ. ನನ್ನ ತೊಡೆಯ ಮೇಲೆ ಮಲಗು ಎಂದೆ. ಮಲಗಲಿಲ್ಲ. ಮನೆಯಲ್ಲಿ ನಿನ್ನಮ್ಮ ಕೇಳಿದಾಗ, ಅಂಥದ್ದೇನೂ ಇಲ್ಲ ಅಂದ್ರು ಎಂದು ನಾನೇ ಹೇಳಿದೆ.

ಅಲ್ಲಿಂದ ನಿನ್ನ ತಲೆನೋವು ನಿಂತುಹೋಯಿತು. ಅಂದರೆ, ನೀನು ಹೇಳುವುದನ್ನು ನಿಲ್ಲಿಸಿದೆ. ನಮಗೆಲ್ಲ ಸಮಾಧಾನವಾಯಿತು. ನೋಡಿ, ವಾಸಿಯಾಯಿತು ಎಂದು ನಾನು ಪಕ್ಕದ ಮನೆಯವರಿಗೂ ಹೇಳಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಎರಡು ಪುಟ ತುಂಬಿತ್ತು, ಉಳಿದದ್ದು ಖಾಲಿ. ಕ್ಲಾಸಿನಲ್ಲಿ ನಿಲ್ಲಿಸಿ ಬೈದರಂತೆ. ನೀನು ಅತ್ತಿಲ್ಲವಂತೆ. ಎಲ್ಲದಕ್ಕೂ ಸಿಡುಕುತ್ತಿದ್ದ ಹುಡುಗಿ ಈಗ ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ. ಮನೆ ಶಾಂತವಾಗಿತ್ತು.

ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಮೇಘಾ ಹೇಳಿದಳು.

“ಅಮ್ಮಮ್ಮ, ಅಕ್ಕ ಖೊ-ಖೊ ಟೀಮಿಗೆ ಮತ್ತೆ ಹೆಸರು ಕೊಟ್ಟಿದ್ದಾಳೆ. ನಾಡಿದ್ದು ಮ್ಯಾಚು. ಪಿ.ಟಿ. ಸರ್ ಕೇಳಿದ್ದಕ್ಕೆ, ನಂಗೆ ಎಂತದೂ ಆಗಿಲ್ಲ, ಡಾಕ್ಟ್ರ ಫಾರ್ಮಲ್ಲೇ ಹಾಗೆ ಇದೆ ಅಂದ್ಲಂತೆ. ಆದ್ರೆ ಬಚ್ಚಲಲ್ಲಿ ವಾಂತಿ ಮಾಡ್ತಾಳೆ. ಹೇಳಿದ್ರೆ ಮಾತು ಬಿಡ್ತೀನಿ ಅಂದಿದ್ದಾಳೆ.”

ಇನ್ನೊಂದು ಪೆಟ್ಟು ಬೀಳಬಾರದು.

ಡಾಕ್ಟರ ಆ ಮಾತು ನನಗೆ ಅವತ್ತು ಕೇಳಿಸಿತು. ಜಡೆಯನ್ನು ಅರ್ಧಕ್ಕೆ ಬಿಟ್ಟೆ. ನಿನ್ನಮ್ಮನಿಗೆ ಎಲ್ಲವನ್ನೂ ಹೇಳಿದೆ, ಫಾರ್ಮ್, ಗೌರಕ್ಕ, ಸೋಮಾರಿ ಎಂದದ್ದು. ಅವಳು ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಶಾಲೆಗೆ ಫೋನ್ ಮಾಡಿ ಹೆಸರು ತೆಗೆಸಿದಳು. ಮೇಡಂ ಅವರಿಗೂ ಫೋನ್ ಮಾಡಿದಳು. ಆ ವಾರವೇ ತೀರ್ಥಹಳ್ಳಿಗೆ ಬರುವವರಿದ್ದರು. ನಾನೊಬ್ಬಳೇ ಬಸ್ಸು ಹತ್ತಿದೆ. ನಿಮ್ಮ ಅಜ್ಜ ಹೋದ ಮೇಲೆ ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು.

“ಮೇಡಂ, ನಾನು ಸುಳ್ಳು ಬರ್ದಿದ್ದೆ. ಆ ಫಾರ್ಮ್ ಹರಿದು ಹಾಕಿ.”

ಅವರು ನನ್ನನ್ನು ಕೂರಿಸಿ ನೀರು ಕೊಟ್ಟರು. “ಹರಿಯೋ ಹಾಗಿಲ್ಲ ಅಮ್ಮ. ಬರೆದದ್ದು ಬರೆದ ಹಾಗೇ ಇರುತ್ತೆ. ಇವತ್ತಿನ ತಾರೀಕು ಹಾಕಿ ಇನ್ನೊಂದು ತುಂಬೋಣ. ನೀವೊಬ್ಬರೇ ಅಲ್ಲ. ಹೆಣ್ಣುಮಕ್ಕಳ ಫಾರ್ಮ್ ಆದ್ರೆ ‘ಇಲ್ಲ’ ಅಂತ ಬರೆಯೋರು ಇನ್ನೂ ಇದ್ದಾರೆ.”

“ನಾನು ಬಾಯಿಪಾಠ ಹೇಳ್ಸಿದ್ದಕ್ಕೆ ಹೀಗಾಯ್ತಾ?”

“ವಾಸಿಯಾಗೋದು ನಿಧಾನ ಆಗಿರಬಹುದು. ಆದ್ರೆ ಮಕ್ಕಳಿಗೆ ಅದಕ್ಕಿಂತ ಹೆಚ್ಚು ಕಷ್ಟ ಆಗೋದು, ಇರೋ ನೋವನ್ನು ಯಾರೂ ನಂಬದೇ ಇದ್ದಾಗ.”

ಎರಡನೇ ಫಾರ್ಮಿನಲ್ಲಿ ನಿಜ ಬರೆದೆ. ಅವರು ಶಾಲೆಗೆ ಪತ್ರ ಕೊಟ್ಟರು. ಅರ್ಧ ದಿನ ಪಾಠ, ನಡುವೆ ಕತ್ತಲ ಕೋಣೆಯಲ್ಲಿ ವಿಶ್ರಾಂತಿ, ಪರೀಕ್ಷೆಗೆ ಹೆಚ್ಚು ಸಮಯ, ಆಟ ಬೇಡ. ಸಾಗರಕ್ಕೆ ಬಂದು ನಿನ್ನೆದುರು ನಿಂತೆ.

“ನಾನು ಸುಳ್ಳು ಹೇಳಿದ್ದೆ ಕೂಸೇ.”

“ಗೊತ್ತು. ನಾನೂ ಅಲ್ಲೇ ಇದ್ನಲ್ಲ.”

ಆ ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿಯೇ ನೀನು, “ಬಲಗಡೆ ನೋಯ್ತದೆ, ಇಲ್ಲಿ,” ಎಂದು ಕೈ ತೋರಿಸಿದೆ. ನಾನು ಪಕ್ಕದಲ್ಲಿ ಕುಳಿತೆ.

ಈಗ ನೀನು ಒಂಬತ್ತನೇ ತರಗತಿ. ತಲೆನೋವು ವಾರಕ್ಕೊಮ್ಮೆ ಬರುತ್ತದೆ. ಓದು ಮೊದಲಿನ ವೇಗಕ್ಕೆ ಬಂದಿಲ್ಲ, ಬರುವುದೋ ಇಲ್ಲವೋ ಮೇಡಂ ಹೇಳುವುದಿಲ್ಲ. ಮೇಘಾ ಮತ್ತೆ ನಿನ್ನ ಪಕ್ಕ ಊಟಕ್ಕೆ ಕೂರುತ್ತಾಳೆ. ನೋವು ಬಂದ ದಿನ ನೀನು ಬಂದು ಹೇಳುತ್ತೀಯ. ನನಗೆ ಅದು ದೊಡ್ಡದು. ಕ್ಷಮಿಸಿದ್ದೀಯೋ ಎಂದು ಕೇಳಿಲ್ಲ. ಕೇಳುವುದೂ ಇಲ್ಲ.

ಇಷ್ಟನ್ನು ಬರೆಯಲು ಕಾರಣವಿದೆ. ಮುಂದೆ ಯಾವ ಊರಿನ ಯಾವ ಡಾಕ್ಟರಾದರೂ, ಪೆಟ್ಟಿಗೆ ಮುಂಚೆ ಹೇಗಿದ್ದಳು ಎಂದು ಕೇಳಬಹುದು. ಆಗ ನಾನು ಇರಲಿಕ್ಕಿಲ್ಲ. ಪೆಟ್ಟು ಬೀಳುವ ಮುಂಚೆ ಸಿಂಧು ಸೋಮಾರಿಯಾಗಿರಲಿಲ್ಲ. ಪೇಟೆಯ ಅಂಗಡಿ ಬೋರ್ಡುಗಳನ್ನೆಲ್ಲ ನಡೆಯುತ್ತಲೇ ಓದಿ ಮುಗಿಸುತ್ತಿದ್ದಳು. ತಂಗಿಯ ಮೇಲೆ ಕೈ ಎತ್ತಿದವಳಲ್ಲ. ಜೋರಾಗಿ ನಗುತ್ತಿದ್ದಳು, ಹೆಣ್ಣುಮಕ್ಕಳು ಹಾಗೆ ನಗಬಾರದು ಎಂದು ನಾನೇ ಗದರುತ್ತಿದ್ದೆ. ಇದು ನಿಜ, ಇದಕ್ಕೆ ನನ್ನ ಸಹಿ ಇದೆ. ಆಸ್ಪತ್ರೆಯಲ್ಲಿ ನಾನು ತುಂಬಿದ ಆ ಮೊದಲ ಸುಳ್ಳು ಫಾರ್ಮ್ ಹಾಗೇ ಇದೆ, ಅದನ್ನು ಹರಿಯಲು ಬರುವುದಿಲ್ಲ. ಅದಕ್ಕೇ ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಹತ್ತಿರ ಜೋಪಾನವಾಗಿ ಇಟ್ಟುಕೊಳ್ಳಿ.