ಐರಿನ್ ಬಾಯಮ್ಮನ ಹದಿಮೂರನೆಯ ಪ್ರಶ್ನೆ

ಐರಿನ್ ಬಾಯಮ್ಮ ಫೋನಿನಲ್ಲಿ ಯಾರನ್ನೂ ‘ಹೇಗಿದ್ದೀರಿ’ ಎಂದು ಕೇಳಿದವರಲ್ಲ. ‘ಇವತ್ತು ಎಂತ ಪದಾರ್ಥ?’ ಎಂದು ಕೇಳುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಅನ್ನದೊಂದಿಗೆ ಉಣ್ಣುವ ಸಾರು, ಪಲ್ಯ, ಗಸಿ ಎಲ್ಲಕ್ಕೂ ಪದಾರ್ಥವೆಂದೇ ಹೆಸರು. ಜ್ವರ ಬಂದು ಮಲಗಿದವರಿರಲಿ, ಬೀದಿದೀಪ ಉರಿಯುವುದಿಲ್ಲವೆಂದು ದೂರುವವರಿರಲಿ, ವರದಿ ಬಂದಿಲ್ಲವೆಂದು ಮೇಲಿನ ಕಚೇರಿಯಿಂದ ಗದರಿಸುವ ಅಧಿಕಾರಿಯಿರಲಿ, ಅವರಿಂದ ಹೊರಡುತ್ತಿದ್ದ ಮೊದಲ ಪ್ರಶ್ನೆ ಇದೊಂದೇ. ಹಾಗೆ ಗದರಿಸಲು ಕರೆ ಮಾಡಿದ ಅಧಿಕಾರಿಯೊಬ್ಬರು ಹರಿವೆ ಸೊಪ್ಪಿನ ವಿಚಾರವಾಗಿ ಹತ್ತು ನಿಮಿಷ ಮಾತನಾಡಿ, ವರದಿಯ ವಿಚಾರವನ್ನೇ ಮರೆತು ಫೋನ್ ಇಟ್ಟದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಅವರು ಉದ್ಯಾವರಕ್ಕೂ ಕಾಪುವಿಗೂ ನಡುವಿನ ಒಂದು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿಯಾಗಿದ್ದರು. ಕೊಂಕಣಿ ಮನೆಮಾತಿನ ಕ್ರೈಸ್ತ ಹೆಂಗಸರನ್ನು ಇಲ್ಲಿಯ ತುಳುವರು ಗೌರವದಿಂದ ಕರೆಯುವಂತೆ ಊರಿಗೆಲ್ಲ ‘ಬಾಯಮ್ಮ’. ಎಂಟು ವಾರ ನಾನು ಅವರ ಕೈಕೆಳಗೆ ಕೆಲಸ ಮಾಡಿದೆ. ಕೊನೆಯ ದಿನದವರೆಗೂ ಅವರ ಮುಖ ನೋಡಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದು ಧ್ವನಿ ಮಾತ್ರ: ತುಸು ಒಡಕಾದ, ನಗುವುದಕ್ಕೆ ಮೊದಲು ಒಂದು ಕ್ಷಣ ತಡೆದು ನಿಲ್ಲುವ ಧ್ವನಿ. ಅದರ ಹಿನ್ನೆಲೆಯಲ್ಲಿ ಕಿರುಗುಟ್ಟುವ ಫ್ಯಾನು, ಮೊಹರು ಬೀಳುವ ಸದ್ದು, ಕಿಟಕಿಯಾಚೆ ಯಾರದೋ ಜಗಳ. ಊರವರೊಂದಿಗೆ ತುಳು, ತಂಗಿಯೊಂದಿಗೆ ಕೊಂಕಣಿ, ನನ್ನೊಂದಿಗೆ ಕನ್ನಡ. ಸುತ್ತೋಲೆಗಳನ್ನು ಓದಿ ಓದಿ ರೂಢಿಸಿಕೊಂಡ, ನಡುನಡುವೆ ‘ಮಾರಾಯ್ರೆ’ ಎಂಬ ಒಗ್ಗರಣೆ ಬೀಳುವ ಕನ್ನಡ ಅದು.

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದದ್ದಕ್ಕೆ ಕಾರಣವಿತ್ತು. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಕಾರ್ಕಳದ ವಿದ್ಯಾರ್ಥಿನಿಲಯವೊಂದರವರು ಆಡಳಿತಾಧಿಕಾರಿಯ ಕೆಲಸ ಕೊಡಲು ಒಪ್ಪಿದರು. ಆದರೆ ಸಾರ್ವಜನಿಕ ಆಡಳಿತದ ಡಿಪ್ಲೊಮಾ ಬೇಕು, ಅದೂ ಆಗಸ್ಟ್ ತಿಂಗಳೊಳಗೆ ಬೇಕು ಎಂದರು. ದೂರಶಿಕ್ಷಣಕ್ಕೆ ಸೇರಿ ಪರೀಕ್ಷೆಗಳನ್ನೆಲ್ಲ ಮುಗಿಸಿದೆ. ಉಳಿದದ್ದು ಎಂಟು ವಾರಗಳ ಇಂಟರ್ನ್‌ಶಿಪ್. ಅಷ್ಟರಲ್ಲಿ ಕೊರೊನಾದ ಎರಡನೆಯ ಅಲೆ ಬಂದು ಊರುಗಳು ಬಾಗಿಲು ಹಾಕಿಕೊಂಡವು. ಕುಕ್ಕುಂದೂರಿನ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು, ಇಪ್ಪತ್ತೈದು ಮೈಲಿ ದೂರದ ಪಂಚಾಯಿತಿಯ ಕೆಲಸವನ್ನು ಫೋನಿನಲ್ಲೇ ಮಾಡಬೇಕೆಂದಾಯಿತು.

ಕೆಲಸವೇನೋ ಸರಳ. ಕ್ವಾರಂಟೈನಿನಲ್ಲಿದ್ದ ಮನೆಗಳಿಗೆ ದಿನವೂ ಕರೆ ಮಾಡಿ ಹನ್ನೆರಡು ಪ್ರಶ್ನೆಗಳ ಫಾರಂ ತುಂಬಿ ಕಳುಹಿಸುವುದು. ಮಣಿಪಾಲದಲ್ಲಿದ್ದ ನಮ್ಮ ಮಾರ್ಗದರ್ಶಕರು ಗುರಿಯನ್ನೂ ಗೊತ್ತುಮಾಡಿದ್ದರು: ಆರುನೂರು ಕರೆಗಳು. ಗುರಿ ತಲುಪದವರು ಮುಂದಿನ ವರ್ಷ ಮತ್ತೊಮ್ಮೆ ಮಾಡಬೇಕು. ಮೌಲ್ಯಮಾಪನ ಪತ್ರಕ್ಕೆ ಕಾರ್ಯದರ್ಶಿಯ ಸಹಿಯೂ ಬೇಕು. ಬಾಯಮ್ಮನಾದರೋ ಜೂನ್ ತಿಂಗಳ ಕೊನೆಯ ದಿನ ನಿವೃತ್ತರಾಗುವವರು. ‘ಜುಲೈ ಒಂದರ ಮೇಲೆ ನನ್ನ ಸಹಿಯನ್ನು ನೀವು ಉಪ್ಪಿನಕಾಯಿ ಹಾಕಬೇಕಷ್ಟೆ ಮಾಸ್ಟ್ರೆ’ ಎಂದು ಅವರು ಮೊದಲ ದಿನವೇ ಎಚ್ಚರಿಸಿದ್ದರು.

ಮೊದಲ ಎರಡು ವಾರ ನಾನು ಗಡಿಯಾರದಂತೆ ದುಡಿದೆ. ಒಂದು ಕರೆಗೆ ಮೂರು ನಿಮಿಷ. ಜ್ವರವಿದೆಯೇ? ಇಲ್ಲ. ಕೆಮ್ಮು? ಇಲ್ಲ. ದಿನಸಿ ಇದೆಯೇ? ಇದೆ. ಧನ್ಯವಾದಗಳು. ಇನ್ನೂರ ಮೂವತ್ತು ಕರೆಗಳಾದವು. ಕೋಷ್ಟಕವನ್ನು ಗೆರೆ ಹೊಡೆದು ಬರೆದು, ಫೋಟೋ ತೆಗೆದು, ಮೊದಲ ಹಂತದ ಮೌಲ್ಯಮಾಪನ ಪತ್ರದೊಂದಿಗೆ ಬಾಯಮ್ಮನಿಗೆ ಕಳುಹಿಸಿದೆ. ಮರುದಿನ ಕರೆ ಬಂತು.

‘ಮಾಸ್ಟ್ರೆ, ನಿಮ್ಮ ಪಟ್ಟಿ ನೋಡಿದೆ. ಭಾರೀ ಚಂದ ಉಂಟು. ನಮ್ಮ ಊರಲ್ಲಿ ಯಾರಿಗೂ ಜ್ವರ ಇಲ್ಲ, ಯಾರಿಗೂ ಹಸಿವೆ ಇಲ್ಲ, ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ.’

‘ಹೌದು ಮೇಡಂ.’

‘ಹಾಗಾದರೆ ಪಂಚಾಯಿತಿ ಎಂತಕ್ಕೆ? ನಾವು ಬೀಗ ಹಾಕಿ ಹೋಗುವನಾ?’

‘ಅವರು ಹೇಳಿದ್ದನ್ನೇ ಬರೆದಿದ್ದೇನೆ.’

‘ನೀವು ಕೇಳುವ ಸ್ವರಕ್ಕೆ ನಾನಾದರೂ ಇಲ್ಲ ಅಂತಲೇ ಹೇಳುತ್ತಿದ್ದೆ. ಹೋಂವರ್ಕ್ ಮಾಡದ ಮಕ್ಕಳನ್ನು ವಿಚಾರಿಸುವ ಹಾಗೆ ಕೇಳ್ತೀರಲ್ವಾ?’

ಸಹಿ ಹಾಕಲಿಲ್ಲ. ‘ಪ್ರಿಂಟ್ ತೆಗೆದಿದ್ದೇನೆ, ಈ ಕಾಗದ ನನ್ನ ಡ್ರಾವರಿನಲ್ಲಿ ಇರಲಿ. ನಾಳೆ ನಾನು ಮಾತಾಡುವಾಗ ನೀವು ಲೈನಿನಲ್ಲಿ ಇರಿ. ಬಾಯಿ ಹಾಕಬೇಡಿ’ ಎಂದರು. ತರಗತಿಯಲ್ಲಿ ನಾನು ಸಾವಿರ ಬಾರಿ ಆಡಿದ ಮಾತನ್ನು ಮೊದಲ ಸಲ ನನಗೆ ಯಾರೋ ಆಡಿದ್ದರು.

ಮರುದಿನ ಬೆಳಗ್ಗೆ ಅವರು ಕರೆ ಮಾಡಿದ್ದು ನನ್ನ ಪಟ್ಟಿಯಲ್ಲಿ ಒಂಬತ್ತು ದಿನಗಳಿಂದ ‘ಲಕ್ಷಣಗಳಿಲ್ಲ’ ಎಂದಿದ್ದ ಮನೆಗೆ. ಫೋನ್ ಎತ್ತಿದ ಹೆಂಗಸು ಅಂದಿನ ಪದಾರ್ಥ ತೊಂಡೆಕಾಯಿ ಗಸಿ ಎಂದಳು. ಮಾತು ತೊಂಡೆ ಚಪ್ಪರಕ್ಕೆ ಹೋಯಿತು, ಅಲ್ಲಿಂದ ನೆರೆಮನೆಯ ಕೋಳಿಗೆ ಹೋಯಿತು, ಮತ್ತೆ ಅಡುಗೆಮನೆಗೆ ಬಂತು.

‘ಈ ಸಲದ ಕೊತ್ತಂಬರಿಯೇ ಸರಿ ಇಲ್ಲ ಬಾಯಮ್ಮ. ಎಷ್ಟು ಹುರಿದರೂ ಪರಿಮಳ ಇಲ್ಲ.’

‘ಹೌದಾ? ಬೆಳ್ಳುಳ್ಳಿ ಒಗ್ಗರಣೆ?’

‘ಅದೂ ಅಷ್ಟೆ. ಎಲ್ಲ ಹಳೆಯ ಸಾಮಾನು ಕೊಟ್ಟಿದ್ದಾನೆ ಅಂಗಡಿಯವ.’

‘ಅಂಗಡಿಯವನಿಗೆ ಆಮೇಲೆ ಬೈಯುವ. ಈಗ ಆಶಾ ಕಾರ್ಯಕರ್ತೆಯನ್ನು ಕಳಿಸ್ತೇನೆ, ಮೂಗು ತೋರಿಸು.’

ನನ್ನ ಫಾರಮಿನ ಒಂಬತ್ತನೆಯ ಪ್ರಶ್ನೆಯೇ ‘ವಾಸನೆ ತಿಳಿಯುತ್ತದೆಯೇ?’ ಎಂಬುದು. ಆಕೆ ದಿನವೂ ಹೌದೆಂದಿದ್ದಳು. ಸುಳ್ಳು ಹೇಳಿರಲಿಲ್ಲ, ಆಕೆಯ ದೃಷ್ಟಿಯಲ್ಲಿ ದೋಷವಿದ್ದದ್ದು ಕೊತ್ತಂಬರಿಯಲ್ಲಿ. ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು. ಬೇಗನೆ ತಿಳಿದದ್ದರಿಂದ ಮನೆಯಲ್ಲಿದ್ದ ಮುದುಕಿಗೆ ಅಂಟಲಿಲ್ಲ. ಅಂದು ಸಂಜೆಯೇ ನಾನು ಫಾರಮಿನ ಕೆಳಗೆ ಕೈಬರಹದಲ್ಲಿ ಹದಿಮೂರನೆಯ ಪ್ರಶ್ನೆಯನ್ನು ಸೇರಿಸಿದೆ.

ಕೇಳುವುದು ಬರೆದಷ್ಟು ಸುಲಭವಾಗಿರಲಿಲ್ಲ. ‘ಇಂದಿನ ಪದಾರ್ಥ ಯಾವುದು?’ ಎಂದು ನಾನು ಕೇಳಿದಾಗ ಒಬ್ಬಾಕೆ, ‘ಎಂತಕ್ಕೆ ಮಾಸ್ಟ್ರೆ, ಊಟಕ್ಕೆ ಬರ್ತೀರಾ?’ ಎಂದಳು. ಇನ್ನೊಬ್ಬರು ಉತ್ತರ ತಪ್ಪಾದೀತೆಂಬಂತೆ ಹೆಂಡತಿಯನ್ನು ಕರೆದು ಕೇಳಿ ಹೇಳಿದರು. ಬಾಯಮ್ಮನ ಉಪದೇಶವೂ ಚಿಕ್ಕದು: ‘ಮೊದಲು ನಿಮ್ಮ ಮನೆಯದ್ದು ಹೇಳಿ. ಸುಮ್ಮನೆ ಯಾರಾದರೂ ಪಾತ್ರೆಯ ಮುಚ್ಚಳ ತೆಗೆದು ತೋರಿಸ್ತಾರಾ?’ ಹಾಗೆಯೇ ಮಾಡಿದೆ. ನಮ್ಮ ಮನೆಯ ಸೌತೆಕಾಯಿ ಹುಳಿಯ ಸಮಾಚಾರ ಆ ತೀರದಲ್ಲೆಲ್ಲ ಹರಡಿತು. ಮೂರು ನಿಮಿಷದ ಕರೆ ಹದಿನೈದಾಯಿತು, ಇಪ್ಪತ್ತಾಯಿತು.

ನನ್ನ ಮೊದಲ ದೊಡ್ಡ ಸಾಧನೆಯೆಂದು ನಾನು ಭಾವಿಸಿದ್ದು ಶೇಖರನ ಕರೆಗಳನ್ನು. ಮುಂಬಯಿಯ ಕ್ಯಾಂಟೀನೊಂದರಲ್ಲಿ ಅಡುಗೆಯವನಾಗಿದ್ದ ಶೇಖರ ಊರಿಗೆ ಮರಳಿ, ಅಣ್ಣನ ಖಾಲಿ ಮನೆಯಲ್ಲಿ ಒಬ್ಬನೇ ಕ್ವಾರಂಟೈನಿನಲ್ಲಿದ್ದ. ಮೊದಲ ದಿನ ಅವನ ಪದಾರ್ಥ ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ. ಎರಡನೆಯ ದಿನ ಬಂಗುಡೆ ಗಸಿ. ಮೂರನೆಯ ದಿನ ಬಂಗುಡೆ ಫ್ರೈ. ಮಸಾಲೆಗೆ ಎಷ್ಟು ಮೆಣಸು, ಹುಳಿ ಯಾವಾಗ, ಎಲ್ಲವನ್ನೂ ಎಷ್ಟು ಚೆನ್ನಾಗಿ ವಿವರಿಸಿದನೆಂದರೆ ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ವರದಿಯನ್ನು ಬಾಯಮ್ಮನಿಗೆ ಹೆಮ್ಮೆಯಿಂದ ಓದಿ ಹೇಳಿದೆ. ಆಚೆಯಿಂದ ಆ ಪರಿಚಿತ ತಡೆ, ಆಮೇಲೆ ನಗು.

‘ಮಾಸ್ಟ್ರೆ, ನೀವು ಜೈನರಲ್ವಾ?’

‘ಹೌದು.’

‘ಹಾಗೆ ಹೇಳಿ. ವಾರದಿಂದ ಕಡಲು ಕೆಟ್ಟಿದೆ. ಒಂದು ದೋಣಿಯೂ ನೀರಿಗೆ ಇಳಿದಿಲ್ಲ. ಮಾರ್ಕೆಟ್ ಬಂದ್. ಇವನ ಮನೆಗೆ ಬಂಗುಡೆ ನಡೆದುಕೊಂಡು ಬಂತಾ?’

ಮೀನಿನ ಮನೆಗಳಿಗೆ ಮೂರು ವಾರ ಕರೆ ಮಾಡಿಯೂ ನಾನು ಒಂದು ದಿನವೂ ಕಡಲಿನ ವಿಚಾರ ಯೋಚಿಸಿರಲಿಲ್ಲ. ‘ಹಾಗಾದರೆ ಏಕೆ ಹೇಳಿದ?’ ಎಂದೆ.

‘ಊರಿಗೆಲ್ಲ ಬಡಿಸಿದ ಕೈ ಅದು. ತನಗೆ ಇಲ್ಲ ಅಂತ ಹೇಳಲಿಕ್ಕೆ ನಾಚಿಕೆ ಆಗುವುದಿಲ್ವಾ?’

ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿದಾಗ ತಿಳಿಯಿತು: ಗ್ಯಾಸು ಮುಗಿದು ಮೂರು ದಿನವಾಗಿತ್ತು. ಅವಲಕ್ಕಿಯನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದ. ನಿಯಮದಂತೆ ದಿನಸಿ ಕಿಟ್ ಕಳುಹಿಸೋಣವೆಂದೆ. ‘ಕಿಟ್ ಹಿಡಿದುಕೊಂಡು ಹೋಗಿ ಯಾರಾದರೂ ಫೋಟೋ ತೆಗೆದರೆ ನಾಳೆಯಿಂದ ಅವನು ಫೋನೇ ಎತ್ತುವುದಿಲ್ಲ’ ಎಂದ ಬಾಯಮ್ಮ, ನನ್ನನ್ನು ಲೈನಿನಲ್ಲಿಟ್ಟುಕೊಂಡೇ ಅವನಿಗೆ ಕರೆ ಮಾಡಿದರು.

‘ಶೇಖರಾ, ನನಗೆ ನಿನ್ನಿಂದ ಒಂದು ಉಪಕಾರ ಆಗಬೇಕು. ಗಿರಿಜಕ್ಕನ ಸ್ವಸಹಾಯ ಸಂಘದವರು ಬೇಕು ಅಂದ ಕ್ವಾರಂಟೈನ್ ಮನೆಗಳಿಗೆ ಅಡುಗೆ ಮಾಡ್ತಾರಲ್ಲ, ಅವರಿಗೆ ನಲವತ್ತು ಜನಕ್ಕೆ ಸಾಂಬಾರು ಮಾಡಿ ಅಭ್ಯಾಸ ಇಲ್ಲ. ದಿನಾ ಬೈಗುಳ ತಿಂತಾರೆ. ಮಧ್ಯಾಹ್ನ ನಿನ್ನ ಬಾಗಿಲಿಗೆ ಸ್ಯಾಂಪಲ್ ಕಳಿಸ್ತೇನೆ. ತಿಂದು ತಪ್ಪು ಹೇಳಬೇಕು.’

‘ಸ್ಯಾಂಪಲ್ ಅಂದರೆ ಎಷ್ಟು ಬಾಯಮ್ಮ?’

‘ಒಬ್ಬ ಮನುಷ್ಯ ಸರಿಯಾಗಿ ಊಟ ಮಾಡಿದರೆ ಮಾತ್ರ ಗೊತ್ತಾಗುವಷ್ಟು.’

ನಾಲ್ಕೇ ದಿನದಲ್ಲಿ ಗಿರಿಜಕ್ಕ ಪಂಚಾಯಿತಿಗೆ ದೂರು ಕೊಟ್ಟರು. ‘ಆ ಪರೀಕ್ಷಕರನ್ನು ಬದಲಾಯಿಸಿ ಬಾಯಮ್ಮ. ಉಪ್ಪು ಸರಿ ಇದ್ದರೂ ಬೈತಾರೆ.’ ಪರೀಕ್ಷಕರು ಬದಲಾಗಲಿಲ್ಲ, ಸಾಂಬಾರು ಬದಲಾಯಿತು. ಕ್ವಾರಂಟೈನ್ ಮುಗಿದ ಮರುದಿನವೇ ಶೇಖರ ಸೌಟು ಹಿಡಿದು ಗಿರಿಜಕ್ಕನ ಒಲೆಯ ಮುಂದೆ ನಿಂತ.

ಇತ್ತ ನನ್ನ ಲೆಕ್ಕ ಮಾತ್ರ ತೆವಳುತ್ತಿತ್ತು. ಒಂದೊಂದು ಕರೆಯಿಂದ ಹೊರಡುವ ಕೆಲಸಗಳನ್ನು ಮುಗಿಸುವುದರಲ್ಲಿ ದಿನಕ್ಕೆ ಮೂರು ನಾಲ್ಕು ಕರೆ ಮುಗಿಯುವುದೇ ಕಷ್ಟ. ಜೂನ್ ಕೊನೆಗೆ ನನ್ನ ಪುಸ್ತಕದಲ್ಲಿದ್ದದ್ದು ಮುನ್ನೂರ ನಲವತ್ತೆರಡು. ವಿದ್ಯಾರ್ಥಿನಿಲಯದ ಕೆಲಸ ಕೈತಪ್ಪುವುದು ನಿಶ್ಚಿತವೆಂದು ನನ್ನ ಹೆಂಡತಿಗೂ ಹೇಳಿಬಿಟ್ಟೆ. ಆದರೂ ಸಹಿ ಬೇಕಲ್ಲ. ಬಸ್ಸುಗಳು ಆಗಷ್ಟೇ ಅರ್ಧಂಬರ್ಧ ಓಡತೊಡಗಿದ್ದವು. ಉಡುಪಿಯಲ್ಲಿ ಬಸ್ಸು ಬದಲಿಸಿ, ಬಾಯಮ್ಮನ ಸೇವೆಯ ಕೊನೆಯ ದಿನ ಮಧ್ಯಾಹ್ನಕ್ಕೆ ಪಂಚಾಯಿತಿ ತಲುಪಿದೆ.

ಆ ಧ್ವನಿಗೆ ನಾನು ಕಲ್ಪಿಸಿಕೊಂಡಿದ್ದದ್ದು ಎತ್ತರದ, ಧಡೂತಿ ಹೆಂಗಸನ್ನು. ಮೇಜಿನ ಹಿಂದೆ ಇದ್ದವರು ನನ್ನ ಭುಜಕ್ಕೂ ಬಾರದ, ನೀಲಿ ಮಾಸ್ಕಿನ ಮೇಲೆ ಎರಡು ಚುರುಕು ಕಣ್ಣುಗಳ ಸಣ್ಣ ಜೀವ. ಬೀಳ್ಕೊಡುಗೆಯ ಹಾರವನ್ನು ಯಾರೋ ಬೀರುವಿನ ಹಿಡಿಗೆ ತೂಗುಹಾಕಿದ್ದರು. ನಾನು ‘ನಮಸ್ಕಾರ’ ಎಂದದ್ದಷ್ಟೆ. ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ‘ಓ, ಸೌತೆಕಾಯಿ ಹುಳಿಯ ಮಾಸ್ಟ್ರು’ ಎಂದರು ಯಾರೋ.

ಬಾಯಮ್ಮ ಪತ್ರ ಬಿಡಿಸಿದರು. ‘ಎಷ್ಟು ಕರೆ?’

‘ಮುನ್ನೂರ ನಲವತ್ತೆರಡು.’

‘ಆರುನೂರು ಅಂತ ಬರೆಯಲಾ?’

ಇಪ್ಪತ್ತಾರು ವರ್ಷ ಮಕ್ಕಳ ನಕಲು ಹಿಡಿದವನು ನಾನು. ಆದರೂ ಆ ಕ್ಷಣ ಕಾರ್ಕಳದ ಕೆಲಸ ಕಣ್ಣ ಮುಂದೆ ಬಂತೆಂದು ಒಪ್ಪಿಕೊಳ್ಳಬೇಕು. ಆಮೇಲೆ ‘ಬೇಡ ಮೇಡಂ’ ಎಂದೆ.

‘ನಾನು ಬರೆಯುವವಳೂ ಅಲ್ಲ. ಸುಮ್ಮನೆ ಕೇಳಿದೆ’ ಎಂದು ಅವರು ಮುನ್ನೂರ ನಲವತ್ತೆರಡನ್ನೇ ಬರೆದರು. ಅನಂತರ ಹಾಳೆಯನ್ನು ತಿರುವಿ, ಖಾಲಿ ಬೆನ್ನಿನ ಮೇಲೆ ಹನ್ನೊಂದು ಹೆಸರು, ಹನ್ನೊಂದು ಫೋನ್ ನಂಬರ್ ಬರೆದರು. ಮೊದಲನೆಯದು ಶೇಖರನದು. ‘ಬೆಳಿಗ್ಗೆಯೇ ಎಲ್ಲರ ಒಪ್ಪಿಗೆ ಕೇಳಿ ಇಟ್ಟಿದ್ದೇನೆ’ ಎಂದರು. ಕೆಳಗೆ ಅಪ್ಪಟ ಸುತ್ತೋಲೆಯ ಕನ್ನಡದಲ್ಲಿ ಒಂದು ಸಾಲು: ‘ಅಭ್ಯರ್ಥಿಯ ಕಾರ್ಯವನ್ನು ಮೇಲ್ಕಂಡ ಮನೆಗಳಲ್ಲಿ ದೂರವಾಣಿ ಮುಖೇನ ವಿಚಾರಿಸತಕ್ಕದ್ದು.’ ಸಹಿ, ಮೊಹರು. ಡ್ರಾವರಿನಿಂದ ಹಳೆಯ ಕಾಗದವನ್ನೂ ತೆಗೆದು ಅದಕ್ಕೂ ಸಹಿ ಹಾಕಿದರು. ‘ಹೋಗಿ ಬನ್ನಿ. ಹಿಂದೆ ಲೈನ್ ಉಂಟು’ ಎಂದರು. ಅವರನ್ನು ನಾನು ಕಂಡದ್ದು ಅಂದೇ ಮೊದಲು, ಅಂದೇ ಕೊನೆ.

ಎರಡು ವಾರಗಳ ಬಳಿಕ ಮಾರ್ಗದರ್ಶಕರ ಕರೆ ಬಂತು. ಧ್ವನಿ ದಣಿದಿತ್ತು.

‘ಗುರಿ ತಲುಪಿಲ್ಲ ಅಂತ ನಿಮ್ಮ ಪತ್ರವನ್ನು ವಾಪಸು ಕಳಿಸುವವನಿದ್ದೆ. ವಿಚಾರಿಸತಕ್ಕದ್ದು ಅಂತ ಬರೆದಿದ್ದರಲ್ಲ, ಎರಡೆರಡು ನಿಮಿಷ ಮಾತಾಡಿ ಮುಗಿಸುವ ಅಂದುಕೊಂಡೆ. ಎರಡು ದಿನ ಹಿಡಿಯಿತು ಮಾರಾಯ್ರೆ. ಶೇಖರ ಅನ್ನುವವರು ನಲವತ್ತು ನಿಮಿಷ ನನಗೆ ಸಾಂಬಾರು ಕಲಿಸಿದರು.’

‘ನನ್ನ ಬಗ್ಗೆ ಎಂತ ಹೇಳಿದರು ಸರ್?’

‘ಎಲ್ಲರೂ ಒಂದೇ ಹೇಳಿದ್ದು. ಮೊದಲು ಇವರ ಫೋನ್ ಬಂದರೆ ಹೆದರಿಕೆ ಆಗ್ತಿತ್ತು, ಆಮೇಲೆ ಬಾರದಿದ್ದರೆ ಹೆದರಿಕೆ ಆಗ್ತಿತ್ತು ಅಂತ.’ ಮತ್ತೆ ಸೇರಿಸಿದರು: ‘ಸಮಿತಿಯ ಮುಂದೆ ನಾನೇ ಮಾತಾಡಿದೆ. ನೀವು ಪಾಸು.’

ಜುಲೈ ಕೊನೆಯಲ್ಲಿ ಪ್ರಮಾಣಪತ್ರ ಬಂದು ವಿದ್ಯಾರ್ಥಿನಿಲಯದ ಕೆಲಸ ಖಚಿತವಾದ ದಿನ ಬಾಯಮ್ಮನಿಗೆ ಕರೆ ಮಾಡಿದೆ. ಎತ್ತಿದವರು ಹೊಸ ಕಾರ್ಯದರ್ಶಿ. ಬಾಯಮ್ಮನ ಬಳಿ ಇದ್ದದ್ದು ಪಂಚಾಯಿತಿಯ ಮೊಬೈಲಂತೆ. ಸ್ವಂತದ್ದು ಇರಲೇ ಇಲ್ಲವಂತೆ. ವಿಳಾಸ ಪಡೆದು ಒಂದು ಸಂಜೆ ಕೆಮ್ಮಣ್ಣಿಗೆ ಹೋದೆ. ಹೊಳೆಯ ಬದಿಯ ತೆಂಗಿನ ಮರಗಳ ನಡುವೆ ಸಣ್ಣ ಹೆಂಚಿನ ಮನೆ, ಬಾಗಿಲಿಗೆ ಬೀಗ. ಬೇಲಿಯಾಚೆಯ ಹೆಂಗಸನ್ನು ವಿಚಾರಿಸಿದೆ.

‘ಬಾಯಮ್ಮನಾ? ನಿವೃತ್ತಿ ಆದ ಮೇಲೆ ಮನೆಯಲ್ಲಿ ಕೂತದ್ದೇ ಇಲ್ಲ. ಯಾರದೋ ಪಿಂಚಣಿ ಕಾಗದ ಅಂತ ಕಾಪುವಿಗೆ ಹೋಗಿದ್ದಾರೆ. ರಾತ್ರಿಯಾಗ್ತದೆ.’ ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ನೀವು ಕಾರ್ಕಳದ ಮಾಸ್ಟ್ರಲ್ವಾ? ಸ್ವರದಲ್ಲೇ ಗೊತ್ತಾಯಿತು. ಬಾಯಮ್ಮ ನಿಮ್ಮ ಹಾಗೆಯೇ ಮಾತಾಡಿ ತೋರಿಸ್ತಾರೆ.’

ನನಗೆ ನಗು ಬಂತು. ಪ್ರಮಾಣಪತ್ರದ ಪ್ರತಿಯೊಂದನ್ನು ಕೊಟ್ಟು, ಅವರಿಗೆ ತಲುಪಿಸಬೇಕೆಂದು ಹೇಳಿ ಹೊರಡಲು ತಿರುಗಿದೆ. ಐದೂ ಇಪ್ಪತ್ತಕ್ಕೆ ಬಸ್ಸಿತ್ತು.

‘ಕಾಗದ ಕೊಟ್ಟರೆ ಸಾಕಾ? ಎಂತದ್ದು, ಹೇಗೆ ಸಿಕ್ಕಿತು ಅಂತ ಅವರು ಕೇಳಿದರೆ ನಾನು ಎಂತ ಹೇಳಲಿ?’ ಎಂದು ಆಕೆ ನನ್ನನ್ನು ಬೇಲಿಯೊಳಗೆ ಕರೆದು, ತನ್ನ ಜಗಲಿಯ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನ್ನತ್ತ ತಳ್ಳಿದಳು. ನನ್ನ ಬಸ್ಸು ಹೊಳೆಯ ಸೇತುವೆಯ ಮೇಲೆ ಸಾಗಿಹೋಗುವ ಸದ್ದು ಕೇಳಿಸಿತು. ನಾನು ಕುಳಿತು, ಮೊದಲಿನಿಂದ ಹೇಳತೊಡಗಿದೆ.