ಕಂಪ್ಯೂಟರಿನ ಮುಂದೆ ಮುಯ್ಯಾಳು

ಸಾಗರದಲ್ಲಿ ನನ್ನ ಮಗಳ ಕಂಪನಿಯ ಆಫೀಸಿದೆ. ಅಲ್ಲಿ ಕೂತು ದುಡಿಯುವವರು ಬಹುಪಾಲು ನಮ್ಮ ಕಡೆಯ ಹೆಣ್ಣುಮಕ್ಕಳು, ಎಲ್ಲರೂ ಕಾಂಟ್ರ್ಯಾಕ್ಟ್. ಕಾಯಂ ಆದವರು, ಇವರಿಗೆ ಕೆಲಸ ಹೇಳುವವರು, ಎಲ್ಲ ಬೆಂಗಳೂರಿನಲ್ಲಿ. ರೆಕಾರ್ಡ್ ಮಾಡಿದ ಯಾರದೋ ಮಾತು ಕೇಳಿಸಿಕೊಂಡು ಹಾಗೇ ಟೈಪ್ ಮಾಡುವುದು ಇವರ ಕೆಲಸ. ಕಂಪ್ಯೂಟರಿಗೆ ಕನ್ನಡ ಕಲಿಸುವುದಂತೆ.

ಹಿಂದಿನ ಮಳೆಗಾಲದಲ್ಲಿ ನಮ್ಮ ಯಜಮಾನರಿಗೆ ಆಪರೇಷನ್ ಆಯಿತು. ಮಗಳು ನನ್ನ ಜೊತೆ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು. ರಜೆ ಹಾಕಿದರೆ ಕೆಲಸ ಹೋದೀತೆಂಬ ಹೆದರಿಕೆ. ಪಕ್ಕದ ಸೀಟಿನ ಹೊಸನಗರದ ಹುಡುಗಿ, "ನೀ ಹೋಗೇ, ನಿನ್ನ ಹೆಸ್ರಲ್ಲಿ ನಾ ಟೈಪ್ ಹೊಡೀತೀನಿ. ನಾಟಿಗೆ ಮುಯ್ಯಾಳು ಹೋಗಲ್ವಾ, ಹಂಗೇ ಅನ್ಕೋ" ಎಂದಳಂತೆ. ಮುಯ್ಯಾಳೆಂದರೆ ಇವತ್ತು ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು, ಕೂಲಿಯ ಮಾತಿಲ್ಲ. ಮನೆಯಿಂದಲೂ ಕೆಲಸ ಮಾಡಬಹುದಿತ್ತು, ಹಾಗಾಗಿ ಸೀಟು ಖಾಲಿ ಇದ್ದರೂ ಯಾರೂ ಕೇಳುವುದಿಲ್ಲ. ಬೆಂಗಳೂರಿಗೆ ಕಾಣುವುದು ಕೆಲಸದ ಮೇಲಿನ ಹೆಸರು ಮಾತ್ರ. ಅವಳು ಮಗಳ ಪಾಸ್‌ವರ್ಡ್ ಹಾಕಿ, ತನ್ನ ಕೆಲಸ ಬದಿಗಿಟ್ಟು, ಇವಳದನ್ನು ಮುಗಿಸಿದಳು.

ಮಳೆ ನಿಂತ ಮೇಲೆ ಬೆಂಗಳೂರಿನವರು, ಸಾಗರದಲ್ಲಿ ಇಷ್ಟು ಜನ ಬೇಡ ಎಂದರು. ಯಾರ ಹೆಸರಿನಲ್ಲಿ ಕೆಲಸ ಕಡಿಮೆಯೋ ಅವರನ್ನು ತೆಗೆದರು. ಮಗಳು ಉಳಿದಳು. ಹೊಸನಗರದವಳು ಹೋದಳು.

ಅವತ್ತು ಸಂಜೆ ಇಬ್ಬರೂ ಮನೆಗೆ ಬಂದರು. ಮಗಳು ಅಳುತ್ತಲೇ, "ನಾಳೆ ಬೆಂಗಳೂರಿಗೆ ಫೋನ್ ಮಾಡಿ ಇದ್ದಿದ್ದು ಇದ್ದಂಗೆ ಹೇಳ್ತೀನಿ" ಎಂದಳು.

"ಹೇಳು ಮಾರಾಯ್ತಿ. ಪಾಸ್‌ವರ್ಡ್ ಕೊಟ್ಟಿದ್ದಕ್ಕೆ ನಿನ್ನನ್ನೂ ಕಳಿಸ್ತಾರೆ. ಆಮೇಲೆ ಇಬ್ರೂ ಬಸ್ ಸ್ಟ್ಯಾಂಡಲ್ಲಿ ಶೇಂಗಾ ಮಾರಾಣ" ಎಂದಳು ಹೊಸನಗರದವಳು.

"ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೂ ಹೇಳ್ಬೇಡ. ಅಪ್ಪಯ್ಯನ ಮಾತ್ರೆಗೆ ಎಂತ ಮಾಡ್ತೀಯಾ?"

ನಾನು ದೇವರಿಗೆ ದೀಪ ಹಚ್ಚಿದೆ. ಮಗಳ ಕೆಲಸ ಉಳಿಸಿದೆಯಲ್ಲ ತಾಯಿ ಎನ್ನಲು ಬಾಯಿ ಬರಲಿಲ್ಲ. ಜಗಲಿಯಲ್ಲಿ ಆ ಹುಡುಗಿ ಕೂತಿದ್ದಳು. ಅವಳಿಗೊಂದು ದಾರಿ ತೋರಿಸು ಎಂದಷ್ಟೇ ಬೇಡಿಕೊಂಡೆ. ಯಜಮಾನರು ಎದ್ದು ಓಡಾಡುತ್ತಿದ್ದರು, ಅಷ್ಟು ದೇವರ ದಯೆ. ಅವಳು ಬೇಡ ಎನ್ನದೆ ನಮ್ಮ ಮನೆಯಲ್ಲಿ ಉಂಡಳು, ಅದೂ ದಯೆಯೇ.

ಮಗಳು ಬೆಂಗಳೂರಿಗೆ ಫೋನ್ ಮಾಡಲಿಲ್ಲ. ಹೋದವರ ಪಾಲಿನ ಕೆಲಸವನ್ನೂ ಉಳಿದವರಿಗೇ ಹಂಚಿದ್ದಾರೆ. ಆ ಹುಡುಗಿ ಈಗ ತೀರ್ಥಹಳ್ಳಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುತ್ತಾಳೆ. ಒಮ್ಮೊಮ್ಮೆ ನನಗೆ ಫೋನ್ ಮಾಡಿ ಯಜಮಾನರ ಆರೋಗ್ಯ ಕೇಳುತ್ತಾಳೆ. ಮಗಳು ಪಕ್ಕದಲ್ಲೇ ಕೂತಿರುತ್ತಾಳೆ. ಅವಳಿಗೆ ಫೋನ್ ಕೊಡಿ ಎಂದು ಆ ಹುಡುಗಿ ಕೇಳುವುದಿಲ್ಲ, ಕೊಡು ಎಂದು ಇವಳೂ ಕೈ ಚಾಚುವುದಿಲ್ಲ.