ಹೆಸರಿಲ್ಲದ ಕೂಸಿಗೊಂದು ಕೌದಿ

ಸೀಮಂತದ ಕುಬಸ ಮಾಡಿಸಿಕೊಂಡು ಹಸಿರು ಬಳೆ ಇನ್ನೂ ಕೈಯಲ್ಲಿದ್ದಾಗಲೇ ನನ್ನ ಕೂಸು ಹೊಟ್ಟೆಯಲ್ಲಿ ತೀರಿಕೊಂಡಿತು. ಏಳು ತಿಂಗಳಾಗಿತ್ತು. ಹೆಣ್ಣು. ಹೊಲದ ಬದುವಿನಲ್ಲಿ ಹೂಳಿದ ಮೇಲೆ ಓಣಿಯ ಹೆಂಗಸರು ಸಾಲಾಗಿ ಬಂದರು, ಚಹಾ ಕುಡಿದರು, ಒಬ್ಬರಾದ ಮೇಲೊಬ್ಬರು ಒಂದೇ ಮಾತು ಹೇಳಿ ಹೋದರು. "ಅದೇನ್ ಕೂಸೇನ್ಬೇ, ಬಸಿರು ಇಳೀತು ಅಷ್ಟ." ಎಲ್ಲರೂ ಒಂದೇ ಅಂಗಡಿಯಲ್ಲಿ ಕೊಂಡು ತಂದ ಮಾತು. ಎಲ್ಲರಿಗಿಂತ ಮೊದಲು ಅಂದವರು ನನ್ನ ಅತ್ತೆ. ಹಾಗಾದರೆ ನಾನು ಹೆತ್ತದ್ದು ಕುಂಬಳಕಾಯಿಯೇ ಎಂದು ಕೇಳಬೇಕೆನಿಸಿತು. ಅವತ್ತಿನಿಂದ ಅವರ್ಯಾರ ಮೇಲೂ ನನಗೆ ಗೌರವ ಉಳಿಯಲಿಲ್ಲ.

ಕುಬಸದ ಹಸಿರು ಸೀರೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂದರು ಅತ್ತೆ. ನಾನು ಅದನ್ನು ಹರಿದೆ, ಒಳಗೆ ಹಳೆಯ ಧೋತರ ಹಾಕಿ ಒಂದು ಪುಟ್ಟ ಕೌದಿ ಹೊಲಿದೆ. ಬೇರೆ ಯಾವುದಾದರೂ ಕೂಸು ಹೊದ್ದುಕೊಳ್ಳಲಿ, ಆದರೆ ನನ್ನ ಕೂಸಿನ ಲೆಕ್ಕದಲ್ಲೇ ಹೊದ್ದುಕೊಳ್ಳಲಿ. ನನಗೆ ಬೇಕಾಗಿದ್ದದ್ದು ಇಷ್ಟೇ: ಅವಳು ಇದ್ದಳು ಎಂದು ಎಲ್ಲಾದರೂ ಒಂದು ಕಡೆ ಬರೆದಿರಬೇಕು.

ನಮ್ಮ ತಾಲೂಕಿನಲ್ಲಿ ದಾನಿಗಳ ಮಂಡಳಿ ಒಂದಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಬಡವರ ಕೂಸುಗಳಿಗೆ ಕೌದಿ, ತಲೆಗೆ ಕಟ್ಟುವ ಕುಂಚಿಗಿ ಹಂಚುತ್ತಾರೆ. ಹಂಚುವುದಕ್ಕಿಂತ ಹೆಚ್ಚಾಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಕೌದಿಯನ್ನು ಆರು ಜನ ಹಿಡಿದು ನಿಂತ ಫೋಟೊ ನಾನೇ ನೋಡಿದ್ದೇನೆ. ಕೂಸು ಮಾತ್ರ ಎಲ್ಲೂ ಕಾಣಲಿಲ್ಲ.

ಯಾರ ನೆನಪಿಗೆ ಕೊಟ್ಟದ್ದೆಂದು ಬೋರ್ಡಿನಲ್ಲೂ ಬರೆಯುತ್ತಾರೆಂದು ಕೇಳಿ ಕೌದಿ ಅಲ್ಲಿಗೇ ಒಯ್ದೆ. ಮಂಡಳಿಯ ಅಧ್ಯಕ್ಷರು ಕಂಪ್ಯೂಟರಿನಲ್ಲಿ ದಾನದ ಅರ್ಜಿ ತೆರೆದರು. "ಯಾರ ಸ್ಮರಣಾರ್ಥ" ಎಂಬಲ್ಲಿಗೆ ಬಂದು ನಿಂತರು.

"ಕೂಸಿನ ಹೆಸರೇನವಾ?"

"ಹೆಸರಿಟ್ಟಿರಲಿಲ್ರಿ. ಆ ಜಾಗಾ ಖಾಲಿ ಬಿಡ್ರಿ."

"ಖಾಲಿ ಬಿಟ್ರ ಕಂಪ್ಯೂಟರ್ ತಗೋಳೂದಿಲ್ಲ ತಂಗಿ. ನಿಮ್ಮ ಮಾವಾರ ಹೆಸರು ಹಾಕೂಣು. ಮನೆತನಕ್ಕೂ ಚಲೋ."

"ಮಾವಾರು ಇನ್ನೂ ಅದಾರ್ರಿ. ಸಂತಿಗೆ ಹೋಗ್ಯಾರ."

"ಹೌದ? ಹಂಗಾದ್ರ ಅವರ ಅಪ್ಪಂದು ಹಾಕೂಣಲ್ಲ."

ಆ ಮನುಷ್ಯನಿಗೆ ನಾಚಿಕೆ ಎಂಬುದು ಕೂಡ ಯಾರದೋ ಸ್ಮರಣಾರ್ಥ ದಾನವಾಗಿ ಹೋಗಿತ್ತು. ಕೌದಿಯನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ. ಕಂಪ್ಯೂಟರ್ ತಗೋಳೂದಿಲ್ಲ! ಊರಿಗೆಲ್ಲ ಅಪ್ಪಣೆ ಕೊಡುವ ಈ ಕಂಪ್ಯೂಟರ್ ಎಂಬ ದೊಡ್ಡ ಮನುಷ್ಯ ಯಾರು, ಒಮ್ಮೆ ನೋಡಿಯೇ ಬಿಡೋಣ ಎನಿಸಿತು.

ಆಗ ನನಗೆ ಮೂವತ್ತಾರು. ಪಿಯುಸಿ ಮುಗಿಸಿ ಹೊಲಿಗೆ ಮಷಿನ್ ಹಿಡಿದವಳು. ಗುಡಗೇರಿಯಲ್ಲಿ ಒಬ್ಬ ಕಾಲೇಜು ಮೇಡಂ ರವಿವಾರ ಮಧ್ಯಾಹ್ನ ತಮ್ಮ ಮನೆಯಲ್ಲೇ ಹೆಂಗಸರಿಗೆ ಕೋಡಿಂಗ್ ಕಲಿಸುತ್ತಾರೆಂದು ಕೇಳಿ ಹೆಸರು ಹಚ್ಚಿದೆ. ಅತ್ತೆ ಬಾಗಿಲಲ್ಲಿ ನಿಂತು ಬಾಜು ಮನೆಯವಳಿಗೆ ಕೂಗಿ ಹೇಳಿದರು, "ನಮ್ಮ ಸೊಸಿ ಕೋಡ್ ಕಲ್ಯಾಕ ಹೊಂಟಾಳವಾ. ಇದ್ದ ಕೋಡು ಸಾಲಲಿಲ್ಲ ಕಾಣಸ್ತೈತಿ." ಮಾತು ಚೆನ್ನಾಗಿಯೇ ಇತ್ತು. ನಗು ಬಂತು, ತೋರಿಸಲಿಲ್ಲ.

ಮೊದಲ ಕೆಲವು ವಾರ ಒಂದು ಅಲ್ಪವಿರಾಮ ತಪ್ಪಿದರೂ ಎಲ್ಲ ನಿಂತುಹೋಗುತ್ತಿತ್ತು. ಆದರೂ ನಮ್ಮ ಓಣಿಯವರಿಗಿಂತ ಕಂಪ್ಯೂಟರೇ ವಾಸಿ. ತಪ್ಪು ಯಾವ ಸಾಲಿನಲ್ಲಿದೆ ಎಂದಾದರೂ ಹೇಳುತ್ತಿತ್ತು.

ಒಂದು ರವಿವಾರ ಮೇಡಂ ಊರುಗಳ ಪಟ್ಟಿ ಬರೆದು, ಇದರಲ್ಲಿ ಮೊದಲನೆಯದರ ನಂಬರ್ ಎಷ್ಟು ಎಂದು ಕೇಳಿದರು. ಎಲ್ಲರೂ "ಒಂದು" ಎಂದರು. ನನ್ನ ಬಾಯಿಂದ "ಲಾಭ" ಎಂದು ಬಂದುಬಿಟ್ಟಿತು. ಎಲ್ಲರೂ ನಕ್ಕರು. ನಮ್ಮ ಮನೆಯಲ್ಲಿ ಜೋಳ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಅನ್ನುವುದಿಲ್ಲ. ಲಾಭ, ಎರಡು, ಮೂರು, ಹೀಗೇ ಎಣಿಕೆ. ಮೇಡಂ ಮಾತ್ರ ನಗಲಿಲ್ಲ.

"ಹಂಗ ತಿಳ್ಕೋರಿ. ನೀವು ಲಾಭ ಅಂತೀರಿ, ಕಂಪ್ಯೂಟರ್ ಸೊನ್ನಿ ಅಂತೈತಿ. ಸೊನ್ನಿ ಅಂದ್ರ ಇಲ್ಲಂತಲ್ರಿ, ಮೊದಲಿಂದು ಅಂತ."

ಮುಖ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದೆ. ನಲ್ಲಿ ತಿರುಗಿಸಿ ಮನಸಾರೆ ಅತ್ತುಬಿಟ್ಟೆ. ಒಂದು ಅನ್ನದಿದ್ದರೆ ಆ ಸೇರು ರಾಶಿಯಲ್ಲಿ ಇಲ್ಲವೆಂದು ಯಾರಾದರೂ ಅನ್ನುತ್ತಾರೆಯೇ? ನನ್ನ ಕೂಸು ಇತ್ತು. ಅದು ಮೊದಲನೆಯದು.

ಮುಂದೆ ಅರ್ಜಿಗಳನ್ನು ಬರೆಯುವ ಪಾಠ ಬಂದಾಗ ಗುಟ್ಟು ಬಯಲಾಯಿತು. ಹೆಸರಿನ ಜಾಗದ ಪಕ್ಕದಲ್ಲಿ "ರಿಕ್ವೈರ್ಡ್" ಎಂದು ಒಂದು ಪದ ಬರೆದರೆ ಖಾಲಿ ಬಿಡಲು ಬರುವುದಿಲ್ಲ. ಅಳಿಸಿದರೆ ಬರುತ್ತದೆ. ಅಷ್ಟೇ. ಕಂಪ್ಯೂಟರಿಗೆ ಯಾವ ಹಠವೂ ಇರಲಿಲ್ಲ. ಯಾರೋ ಒಬ್ಬ ಒಂದು ಪದ ಬಡಿದು ಹೋಗಿದ್ದ, ಅಧ್ಯಕ್ಷರು ಅದನ್ನು ದೇವರ ಮಾತಿನಂತೆ ಕಾಯುತ್ತ ಕೂತಿದ್ದರು.

ಮಂಡಳಿಗೆ ಹೊಸ ಅರ್ಜಿ ಬರೆದುಕೊಟ್ಟೆ. ಮನೆಯಲ್ಲಿ ಕೂತೇ ಮೊಬೈಲಿನಲ್ಲಿ ತುಂಬಬಹುದು, ಹೆಸರು ಬೇಕಾದರೆ ಬರೆಯಬಹುದು, ಇಲ್ಲವಾದರೆ ಇಲ್ಲ. ಪುಕ್ಕಟೆ ಎಂದ ಕೂಡಲೇ ಅಧ್ಯಕ್ಷರು ಹೂಂ ಎಂದು ತಲೆ ಆಡಿಸಿದರು. ಮೊದಲ ಸಾಲು ನನ್ನದೇ: ಕೌದಿ ಒಂದು, ಹೆಸರು ಖಾಲಿ.

"ಬೋರ್ಡಿನ್ಯಾಗ ಖಾಲಿ ಸಾಲು ಚಂದ ಕಾಣೂದಿಲ್ಲವಾ," ಎಂದರು ಅವರು.

"ಕಾಣೂದು ಬ್ಯಾಡ್ರಿ. ಇರ್ಲಿ," ಎಂದೆ.

ಆಮೇಲೆ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಅತ್ತೆ ಎರಡು ಚಿಕ್ಕ ಕೌದಿ ತಂದು ನನ್ನ ಮಷಿನ್ ಮೇಲೆ ಇಟ್ಟರು. ಯಾವಾಗ ಹೊಲಿದರೋ, ನಾನು ನೋಡಿರಲಿಲ್ಲ.

"ನಂದೂ ಬರಿ. ಎರಡು."

"ಯಾರ ಹೆಸರು ಹಾಕ್ಲಿರಿ?"

"ಹೆಸರೆಲ್ಲಿ ಇಟ್ಟಿದ್ವಿ."

ನನ್ನ ಗಂಡ ಹುಟ್ಟುವ ಮೊದಲು ಎರಡು ಹೋಗಿದ್ದವಂತೆ. ಇಷ್ಟು ವರ್ಷ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಕನಿಕರ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ, ಸಿಟ್ಟು ನೆತ್ತಿಗೇರಿತು.

"ಎಲ್ಲಾ ಗೊತ್ತಿದ್ದೂ ನನಗ ಹಂಗ ಅಂದ್ರಿ?"

ಅತ್ತೆ ಕೌದಿಯ ಅಂಚಿನ ದಾರವನ್ನು ಹಲ್ಲಿನಿಂದ ಕಡಿದರು.

"ನನಗೂ ಹಂಗ ಅಂದಿದ್ರವಾ. ಬ್ಯಾರೆ ಮಾತು ನನಗ ಯಾರೂ ಕಲಿಸಿರಲಿಲ್ಲ."